ಸೋಪಿಗೆ ತಾಳೆ ಎಣ್ಣೆ ಹಾಕುವುದು ಬಿಡಲಾ? ಬಿಟ್ಟರೆ ಬದಲಿಗೆ ಏನು ಹಾಕಲಿ?

ಪ್ರಶ್ನೆ: ನಮಸ್ಕಾರ ಸರ್. ಮನೆಯಲ್ಲೇ ಸೋಪು ಮಾಡಿ ಮಾರುವುದು ನನ್ನ ಕೆಲಸ. ನಾನು ಬಳಸುವ ಎಣ್ಣೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ತಾಳೆ ಎಣ್ಣೆ. ಅದರಿಂದ ಸೋಪು ಗಟ್ಟಿಯಾಗಿ ಬರುತ್ತದೆ, ಬೇಗ ಕರಗುವುದಿಲ್ಲ. ವರ್ಷಕ್ಕೆ ಸುಮಾರು 100 ಕಿಲೋ ಬೇಕಾಗುತ್ತದೆ. ಈಚೆಗೆ ಗಿರಾಕಿಗಳು "ಇದರಲ್ಲಿ ತಾಳೆ ಎಣ್ಣೆ ಇದೆಯಾ? ಹಾಗಾದರೆ ಬೇಡ" ಅನ್ನುತ್ತಿದ್ದಾರೆ. ಸುಟ್ಟ ಕಾಡಿನ, ಒರಾಂಗುಟಾನ್ ಮರಿಗಳ ಫೋಟೊ ನೋಡಿ ನನಗೂ ಸಂಕಟ ಆಗಿದೆ. ತಾಳೆ ಬಿಟ್ಟು ತೆಂಗಿನೆಣ್ಣೆಯನ್ನೋ ಶಿಯಾ ಬೆಣ್ಣೆಯನ್ನೋ ಹಾಕಲಾ? ಸರ್ಟಿಫಿಕೇಟ್ ಇರುವ ತಾಳೆ ಎಣ್ಣೆಯನ್ನು ನಂಬಬಹುದಾ? ಲ್ಯಾಬಿನಲ್ಲಿ ತಯಾರಾಗುವ ಎಣ್ಣೆಗೆ ಕಾಯಲಾ? ಲೇಬಲ್ ಮೇಲೆ "ತಾಳೆ ಎಣ್ಣೆ ಇಲ್ಲ" ಅಂತ ಹಾಕಿಕೊಳ್ಳುವ ಆಸೆಯೂ ಇದೆ. ಒಂದು ತಪ್ಪು ಬಿಡಲು ಹೋಗಿ ಇನ್ನೊಂದು ತಪ್ಪು ಮಾಡಬಾರದು ಅಂತ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ನನಗೆ ತುಂಬಾ ಹಿಡಿಸಿತು. ಈ ವಿಷಯದಲ್ಲಿ ಬಹಳ ಜನ ಜಾರುವುದು ಅಲ್ಲೇ. ಎಣ್ಣೆ ಎಲ್ಲಿಂದ ಬಂತು ಅಂತ ಗಿರಣಿ, ತೋಟದವರೆಗೆ ಹುಡುಕಿಕೊಂಡು ಹೋಗುವುದು ನನ್ನ ವೃತ್ತಿ. ಆ ಅನುಭವದಿಂದಲೇ ಹೇಳುತ್ತೇನೆ.

ನಿಮ್ಮ ಚಿಂತೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ನನ್ನ ಸೋಪಿನಿಂದ ಎಲ್ಲೋ ಕಾಡು ಹೋಗುತ್ತಿದೆಯಾ ಅನ್ನುವುದು ಮೊದಲನೆಯದು. ಹೋಗುತ್ತಿರಬಹುದು, ಇಲ್ಲದೆಯೂ ಇರಬಹುದು. ಎಣ್ಣೆ ಬಂದ ಜಾಗ ತಿಳಿಯದೆ ಹೇಳಲು ಆಗುವುದಿಲ್ಲ. ತಾಳೆ ಬಿಟ್ಟರೆ ಆ ಹಾನಿ ನಿಲ್ಲುತ್ತದಾ ಅನ್ನುವುದು ಎರಡನೆಯದು. ಅದು ಬದಲಿಗೆ ಏನು ಹಾಕುತ್ತೀರಿ ಅನ್ನುವುದರ ಮೇಲಿದೆ. ಬಹಳ ಸಲ ಹಾನಿ ನಿಲ್ಲುವುದಿಲ್ಲ, ಬೇರೆ ಕಡೆಗೆ ಹೋಗುತ್ತದೆ ಅಷ್ಟೇ.

ಮೊದಲು ಮರದ ಬಗ್ಗೆ ನಾಲ್ಕು ಮಾತು. ಎಣ್ಣೆ ತಾಳೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮರ. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಅದರ ಎಣ್ಣೆ ತಿನ್ನುತ್ತಿದ್ದಾರೆ. 1848ರಲ್ಲಿ ಅದರ ನಾಲ್ಕು ಸಸಿಗಳು ಜಾವಾದ ಬೋಗೋರ್ ಸಸ್ಯತೋಟಕ್ಕೆ ಬಂದವು. 1911ರಲ್ಲಿ ಸುಮಾತ್ರಾದಲ್ಲಿ, 1917ರಲ್ಲಿ ಮಲಯಾದಲ್ಲಿ (ಈಗ ಮಲೇಷ್ಯಾದ ಭಾಗ) ವ್ಯಾಪಾರದ ತೋಟಗಳು ಶುರುವಾದವು. ಮಲೇಷ್ಯಾದಲ್ಲಿ ಒಂದು ತೊಡಕಿತ್ತು. ಹೂವಿನ ಪರಾಗಸ್ಪರ್ಶವನ್ನು ಆಳುಗಳು ಕೈಯಾರೆ ಮಾಡಬೇಕಾಗಿತ್ತು. 1981ರಲ್ಲಿ ಕ್ಯಾಮರೂನಿನಿಂದ ಒಂದು ಸಣ್ಣ ಸೊಂಡಿಲು ಹುಳು ತಂದು ತೋಟಗಳಿಗೆ ಬಿಟ್ಟರು. ಆ ಕೆಲಸವನ್ನು ಹುಳುವೇ ವಹಿಸಿಕೊಂಡಿತು. ಖರ್ಚು ಇಳಿಯಿತು, ಕಾಯಿ ಜಾಸ್ತಿ ಕಟ್ಟಿತು. ಇವತ್ತು ಪ್ರಪಂಚದ ತಾಳೆ ಎಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಇಂಡೋನೇಷ್ಯಾ ಮತ್ತು ಮಲೇಷ್ಯಾದಿಂದಲೇ ಬರುತ್ತದೆ.

ಈ ಮರದ ಬಲ ಅದರ ಇಳುವರಿ. ಒಂದು ಹೆಕ್ಟೇರಿನಿಂದ ವರ್ಷಕ್ಕೆ ಸರಾಸರಿ 3 ಟನ್‌ಗಿಂತ ಹೆಚ್ಚು ಎಣ್ಣೆ ಸಿಗುತ್ತದೆ. ಸೂರ್ಯಕಾಂತಿಯಲ್ಲಿ ಸುಮಾರು 0.7 ಟನ್. ಸೋಯಾದಲ್ಲಿ ಅರ್ಧ ಟನ್ನಿಗೂ ಕಡಿಮೆ, ತೆಂಗಿನಲ್ಲಿ ಇನ್ನೂ ಕಡಿಮೆ. ನಿಮ್ಮ 100 ಕಿಲೋ ಲೆಕ್ಕಕ್ಕೇ ಬರೋಣ. ತಾಳೆಯಾದರೆ ಸುಮಾರು 300 ಚದರ ಮೀಟರ್ ಜಾಗ ಸಾಕು. ಸೂರ್ಯಕಾಂತಿಗೆ 1,400 ಚದರ ಮೀಟರ್, ಸೋಯಾಕ್ಕೆ 2,000ಕ್ಕಿಂತ ಜಾಸ್ತಿ ಬೇಕು. ಸೋಯಾ ವಿಷಯದಲ್ಲಿ ಈ ಹೋಲಿಕೆ ಪೂರ್ತಿ ನ್ಯಾಯವಲ್ಲ, ಅದನ್ನೂ ಹೇಳಬೇಕು. ಸೋಯಾ ಕಾಳಿನಲ್ಲಿ ಎಣ್ಣೆ ಐದನೇ ಒಂದು ಪಾಲು ಮಾತ್ರ. ಉಳಿದ ಹಿಂಡಿ ದನ, ಕೋಳಿಗಳ ಆಹಾರವಾಗುತ್ತದೆ. ಅಷ್ಟಾದರೂ ಜಾಗದ ಲೆಕ್ಕದಲ್ಲಿ ತಾಳೆಯನ್ನು ಮೀರಿಸುವ ಎಣ್ಣೆ ಬೆಳೆ ಇಲ್ಲ.

ಹಾಗಾದರೆ ಇಷ್ಟು ಕೆಟ್ಟ ಹೆಸರು ಯಾಕೆ? ಎರಡು ಕಾರಣ. ಒಂದು, ಈ ಮರಕ್ಕೆ ಬೇಕಾದ ಬಿಸಿಲು ಮತ್ತು ವರ್ಷವಿಡೀ ಬೀಳುವ ಮಳೆ ಇರುವುದು ಭೂಮಧ್ಯರೇಖೆಯ ಆಸುಪಾಸಿನಲ್ಲಿ. ಪ್ರಪಂಚದ ಅತಿ ಹೆಚ್ಚು ಜೀವಿಗಳಿರುವ ಮಳೆಕಾಡುಗಳು ಇರುವುದೂ ಅಲ್ಲೇ. ಎರಡು, ಗಿರಣಿ. ಕೊಯ್ದ ಗೊನೆಯನ್ನು ಒಂದೆರಡು ದಿನದೊಳಗೆ ಬೇಯಿಸಿ ಹಿಂಡಬೇಕು, ಇಲ್ಲದಿದ್ದರೆ ಎಣ್ಣೆ ಹುಳಿಯುತ್ತದೆ. ಅದಕ್ಕೇ ಗಿರಣಿ ತೋಟದ ಹತ್ತಿರವೇ ಇರಬೇಕು. ಒಂದು ಸಲ ಗಿರಣಿ ಬಂತು ಅಂದರೆ ಅದಕ್ಕೆ ದಿನಾ ಹಣ್ಣು ಬೇಕು. ರಸ್ತೆ ಆಗುತ್ತದೆ, ರಸ್ತೆ ಪಕ್ಕದ ಕಾಡು ತೋಟವಾಗುತ್ತದೆ. ಕಾಡಿನಂಚಿನಲ್ಲಿ ಹೊಸ ಗಿರಣಿ ಎದ್ದರೆ ಮುಂದೆ ಏನಾಗುತ್ತದೆ ಅಂತ ಹೇಳಲು ಜ್ಯೋತಿಷಿ ಬೇಕಾಗಿಲ್ಲ.

ಕಾಡಿನ ನಷ್ಟ ಫೋಟೊದಲ್ಲಿ ಕಾಣುತ್ತದೆ. ಅಷ್ಟೇ ದೊಡ್ಡ ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಅದು ಪೀಟ್ ಮಣ್ಣು. ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳ ತಗ್ಗಿನ ಜೌಗುಕಾಡುಗಳಲ್ಲಿ ಎಲೆ, ಬೇರು, ಕಾಂಡ ನೀರಿನಲ್ಲಿ ಮುಳುಗಿ, ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರ ಪದರವಾಗಿ ಕೂತಿವೆ. ಕೆಲವು ಕಡೆ ಈ ಪದರ 10 ಮೀಟರ್‌ಗಿಂತ ಆಳ. ನೀರು ನಿಂತಿರುವವರೆಗೆ ಅದರಲ್ಲಿರುವ ಇಂಗಾಲ ಅಲ್ಲೇ ಇರುತ್ತದೆ. ತಾಳೆಯ ಬೇರಿಗೆ ನಿಂತ ನೀರು ಆಗದು. ಹಾಗಾಗಿ ಕಾಲುವೆ ತೋಡಿ ನೀರು ಬಸಿಯುತ್ತಾರೆ. ಗಾಳಿ ತಾಗಿದ ಕೂಡಲೇ ಮಣ್ಣು ಕೊಳೆಯಲು ಶುರುವಾಗುತ್ತದೆ, ನೆಲ ವರ್ಷಕ್ಕೆ ಸೆಂಟಿಮೀಟರ್‌ಗಟ್ಟಲೆ ಕುಸಿಯುತ್ತದೆ. ಹೀಗೆ ಒಂದು ಹೆಕ್ಟೇರಿನಿಂದ ವರ್ಷಕ್ಕೆ 40 ಟನ್ ಅಥವಾ ಅದಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ವರ್ಷ ಮಾತ್ರ ಅಲ್ಲ, ತೋಟ ಇರುವಷ್ಟು ಕಾಲವೂ.

ಇದನ್ನೂ ನಿಮ್ಮ ಲೆಕ್ಕಕ್ಕೆ ಇಳಿಸಿ ನೋಡಿ. ನಿಮ್ಮ 100 ಕಿಲೋ ಎಣ್ಣೆ ಅಂಥ ತೋಟದಿಂದ ಬಂದಿದ್ದರೆ, ಮಣ್ಣಿನಿಂದಲೇ ಒಂದು ಟನ್ನಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬಂದಿದೆ. ಬಹಳ ಹಿಂದೆಯೇ ತೋಟವಾಗಿದ್ದ ಒಣ ನೆಲದಿಂದ ಬಂದಿದ್ದರೆ ಈ ಲೆಕ್ಕವೇ ಇಲ್ಲ. ಡಬ್ಬಿಯಲ್ಲಿ ಎರಡೂ ಒಂದೇ ಬಣ್ಣ, ಒಂದೇ ವಾಸನೆ. ನಾನು ಯಾವಾಗಲೂ "ಯಾವ ಎಣ್ಣೆ" ಅನ್ನುವುದಕ್ಕಿಂತ ಮೊದಲು "ಯಾವ ನೆಲದ ಎಣ್ಣೆ" ಅಂತ ಕೇಳಿ ಅನ್ನುವುದು ಇದಕ್ಕೇ.

ಒಣಗಿದ ಪೀಟ್‌ಗೆ ಬೆಂಕಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ, ಆರಿಸಲು ಆಗುವುದಿಲ್ಲ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಹೊಗೆ ಸಿಂಗಪುರ, ಮಲೇಷ್ಯಾವನ್ನೂ ಮುಚ್ಚಿತು. ಇಂಡೋನೇಷ್ಯಾಕ್ಕೆ ಆದ ನಷ್ಟ 1,600 ಕೋಟಿ ಡಾಲರ್ ಅಂತ ವಿಶ್ವ ಬ್ಯಾಂಕ್ ಅಂದಾಜು ಮಾಡಿತು. ಆಮೇಲೆ 2016ರಲ್ಲಿ ಅಲ್ಲಿನ ಸರ್ಕಾರ ಪೀಟ್ ನೆಲದಲ್ಲಿ ನೀರಿನ ಮಟ್ಟ 40 ಸೆಂಟಿಮೀಟರ್‌ಗಿಂತ ಕೆಳಗಿಳಿಯಬಾರದು ಅಂತ ನಿಯಮ ತಂದಿತು. ಕಾಲುವೆಗಳಿಗೆ ಅಡ್ಡಗಟ್ಟೆ ಹಾಕುವ ಕೆಲಸವೂ ಶುರುವಾಯಿತು.

ಇನ್ನು ಜನ ನಂಬಿರುವ ಕೆಲವು ಮಾತು. "ಆ ಬೆಂಕಿಯೆಲ್ಲ ತಾಳೆಯಿಂದ" ಅನ್ನುವುದು ಪೂರ್ತಿ ನಿಜವಲ್ಲ. ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗವಾದ ಕಾಲಿಮಂಟಾನ್‌ನ ನಡುಸೀಮೆಯಲ್ಲಿ 1990ರ ದಶಕದ ನಡುವೆ ಸುಮಾರು 10 ಲಕ್ಷ ಹೆಕ್ಟೇರ್ ಪೀಟ್ ನೆಲದಲ್ಲಿ ಕಾಲುವೆ ತೋಡಿದ್ದು ಭತ್ತ ಬೆಳೆಯಲು. ಭತ್ತ ಬರಲಿಲ್ಲ, ಒಣಗಿದ ನೆಲ ಉಳಿಯಿತು, ಬೆಂಕಿ ಮತ್ತೆ ಮತ್ತೆ ಬಿತ್ತು. ಕಾಗದದ ಮರ ಬೆಳೆಸಲು ಕಡಿದ ಕಾಡೂ ಕಡಿಮೆಯಿಲ್ಲ. "ಪ್ರತಿ ತಾಳೆ ತೋಟದ ಕೆಳಗೂ ಒಂದು ಕಾಡು ಸತ್ತಿದೆ" ಅನ್ನುವುದೂ ಹಾಗೇ. ಮಲೇಷ್ಯಾದ ಎಷ್ಟೋ ತೋಟ ಹಳೆಯ ರಬ್ಬರ್ ತೋಟದ ಜಾಗದಲ್ಲಿವೆ.

ಒರಾಂಗುಟಾನ್ ವಿಷಯದಲ್ಲಿ ಮಾತ್ರ ನಾನು ಹಗುರ ಮಾಡಿ ಹೇಳಲಾರೆ. ಬೋರ್ನಿಯೊ, ಸುಮಾತ್ರಾ, ತಪನುಲಿ, ಈ ಮೂರೂ ಬಗೆಯವು ಅಳಿವಿನ ಅಂಚಿನಲ್ಲಿವೆ. 2017ರಲ್ಲಷ್ಟೇ ಬೇರೆ ಬಗೆ ಅಂತ ಗುರುತಿಸಿದ ತಪನುಲಿ 800ಕ್ಕಿಂತ ಕಡಿಮೆ ಉಳಿದಿವೆ. ಬೋರ್ನಿಯೊದಲ್ಲಿ 1999ರಿಂದ 2015ರ ನಡುವೆ ಒಂದು ಲಕ್ಷಕ್ಕಿಂತ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವು ಅಂತ ಅಂದಾಜಿದೆ. ಇದರಲ್ಲಿ ಬೇಟೆಯ ಪಾಲೂ ದೊಡ್ಡದು. ಆದರೆ ಕಾಡು ತುಂಡಾದಾಗಲೇ ಪ್ರಾಣಿ ತೋಟಕ್ಕೆ ಬರುವುದು, ಗುಂಡು ತಿನ್ನುವುದು. ಎರಡನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ ಅಲ್ವಾ?

ಸಮಾಧಾನದ ಒಂದು ಸುದ್ದಿಯೂ ಇದೆ. ಇಂಡೋನೇಷ್ಯಾದಲ್ಲಿ ತಾಳೆಗಾಗಿ ಕಾಡು ಕಡಿಯುವುದು 2012ರ ಸುಮಾರಿಗೆ ಬಹಳ ಮೇಲಿತ್ತು. ನಂತರದ ಹತ್ತು ವರ್ಷದಲ್ಲಿ ತುಂಬಾ ಇಳಿಯಿತು. 2011ರಲ್ಲಿ ಮುಟ್ಟದ ಕಾಡು ಮತ್ತು ಪೀಟ್ ನೆಲದಲ್ಲಿ ಹೊಸ ಪರವಾನಗಿ ಕೊಡುವುದಕ್ಕೆ ತಡೆ ಬಿತ್ತು, 2019ರಲ್ಲಿ ಅದನ್ನು ಕಾಯಂ ಮಾಡಿದರು. 2013ರಿಂದ ದೊಡ್ಡ ವ್ಯಾಪಾರಿಗಳು ಕಾಡು ಕಡಿದ ತೋಟದ ಎಣ್ಣೆ ಕೊಳ್ಳುವುದಿಲ್ಲ ಅಂತ ಒಪ್ಪಿಕೊಳ್ಳತೊಡಗಿದರು. ಕೊಳ್ಳುವವರು ಗಟ್ಟಿಯಾಗಿ ಕೇಳಿದ್ದರಿಂದಲೇ ಇಷ್ಟಾದರೂ ಆಯಿತು. 2023ರಲ್ಲಿ ಮತ್ತೆ ಸ್ವಲ್ಪ ಏರಿದೆ, ಹಾಗಾಗಿ ಕೇಳುವುದನ್ನು ನಿಲ್ಲಿಸುವಂತಿಲ್ಲ.

ಎಲ್ಲರೂ ಒಟ್ಟಿಗೆ ತಾಳೆ ಬಿಟ್ಟರೆ ಏನಾಗುತ್ತದೆ? ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2018ರ ವರದಿಯಲ್ಲಿ ಇದನ್ನೇ ನೋಡಿತು. ತಾಳೆ ಬೆಳೆಯಿಂದ ಅಪಾಯದಲ್ಲಿರುವ ಕನಿಷ್ಠ 193 ಬಗೆಯ ಜೀವಿಗಳಿಗೆ ತೊಂದರೆ ಇದೆ ಅಂತ ಅದೇ ವರದಿ ಹೇಳುತ್ತದೆ. ಬದಲಿ ಎಣ್ಣೆಗಳಿಗೆ 9 ಪಟ್ಟಿನವರೆಗೆ ಜಾಸ್ತಿ ಭೂಮಿ ಬೇಕಾಗಬಹುದು, ಹಾನಿ ದಕ್ಷಿಣ ಅಮೆರಿಕದಂಥ ಕಡೆಗೆ ಸಾಗಬಹುದು ಅಂತಲೂ ಎಚ್ಚರಿಸುತ್ತದೆ. ಬ್ರೆಜಿಲ್‌ನ ಸೆರಾಡೊ ಬಯಲಿನಲ್ಲಿ ಸೋಯಾ ಬೆಳೆ ಮಾಡಿರುವ ಹಾನಿಯನ್ನು ನೋಡಿದರೆ ಆ ಮಾತು ಅರ್ಥವಾಗುತ್ತದೆ. ಬದಲಿಯ ಪೂರೈಕೆಯೂ ಗಟ್ಟಿಯಲ್ಲ. ಬ್ರಿಟನ್ನಿನ ಐಸ್‌ಲ್ಯಾಂಡ್ ಅನ್ನುವ ಅಂಗಡಿ ಸರಣಿ 2018ರಲ್ಲಿ ತನ್ನ ಸ್ವಂತ ಹೆಸರಿನ ತಿನಿಸುಗಳಿಂದ ತಾಳೆ ಎಣ್ಣೆ ತೆಗೆಯುತ್ತೇನೆ ಅಂತ ಘೋಷಿಸಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಸಿಗದೇ ಹೋಯಿತು. ಆಗ ಕೆಲವು ತಿನಿಸುಗಳಿಗೆ ತಾತ್ಕಾಲಿಕವಾಗಿ ಮತ್ತೆ ತಾಳೆ ಎಣ್ಣೆಯನ್ನೇ ಬಳಸಬೇಕಾಯಿತು.

ಕಾಳಜಿ ಇರುವವರೆಲ್ಲ ಬಿಟ್ಟು ಹೋದರೆ ಇನ್ನೊಂದು ಕಷ್ಟ ಇದೆ. ಉಳಿಯುವವರು ಏನೂ ಕೇಳದೆ ಕೊಳ್ಳುವವರು ಮಾತ್ರ. ಕಾಡು ಉಳಿಸಿ ಬೆಳೆದ ತೋಟದವನಿಗೆ ಆಗ ಯಾವ ಲಾಭವೂ ಇರುವುದಿಲ್ಲ. ಇಂಡೋನೇಷ್ಯಾದ ತಾಳೆ ಭೂಮಿಯಲ್ಲಿ ನೂರಕ್ಕೆ ಸುಮಾರು 40 ಭಾಗ ಸಣ್ಣ ರೈತರದ್ದು. ಮೂರು ವರ್ಷಕ್ಕೆ ಫಸಲು, 25 ವರ್ಷದವರೆಗೆ ವರ್ಷವಿಡೀ ಆದಾಯ. ಅವರಿಗೆ ಇದನ್ನು ಬಿಡಿ ಅನ್ನುವುದು ಸುಲಭವಲ್ಲ. ಅವರ ಈಗಿನ ಜಾಗದಲ್ಲೇ ಒಳ್ಳೆಯ ಸಸಿ ಕೊಟ್ಟು ಇಳುವರಿ ಏರಿಸಿದರೆ ಹೊಸ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ. ನನ್ನನ್ನು ಕೇಳಿದರೆ ದುಡ್ಡು ಹೋಗಬೇಕಾದ್ದು ಅಲ್ಲಿಗೆ. ಹಾಗೆಯೇ, ತಾಳೆ ಎಣ್ಣೆಯನ್ನು ಡೀಸೆಲ್‌ಗೆ ಬೆರೆಸಿ ಸುಡುವುದು ನನಗೆ ಸೋಪಿಗಿಂತ ಎಷ್ಟೋ ದೊಡ್ಡ ಚಿಂತೆ. ಇಂಡೋನೇಷ್ಯಾ 2025ರಿಂದ ಡೀಸೆಲ್‌ನಲ್ಲಿ ನೂರಕ್ಕೆ 40 ಪಾಲು ಬೆರೆಸಬೇಕು ಅಂತ ಮಾಡಿದೆ.

ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಹೆಚ್ಚು ಪರಿಚಿತವಾದದ್ದು 2004ರಲ್ಲಿ ಶುರುವಾದ ಆರ್‌ಎಸ್‌ಪಿಒ, ಅಂದರೆ "ರೌಂಡ್‌ಟೇಬಲ್ ಆನ್ ಸಸ್ಟೈನಬಲ್ ಪಾಮ್ ಆಯಿಲ್" ಅನ್ನುವ ಸಂಸ್ಥೆಯದ್ದು. ಪ್ರಪಂಚದ ತಾಳೆ ಎಣ್ಣೆಯಲ್ಲಿ ಸುಮಾರು ಐದನೇ ಒಂದು ಪಾಲು ಅದರಡಿ ಬರುತ್ತದೆ. ಅದರಲ್ಲೇ ಬೇರೆ ಬೇರೆ ದರ್ಜೆ ಇದೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೇಲಿನ ದರ್ಜೆಯಲ್ಲಿ ಎಣ್ಣೆಯನ್ನು ಗಿರಣಿಯಿಂದ ಕೊನೆಯವರೆಗೆ ಬೇರೆಯಾಗಿಯೇ ಇಡುತ್ತಾರೆ. ನಡುವಿನದು "ಮಾಸ್ ಬ್ಯಾಲೆನ್ಸ್". ಅಲ್ಲಿ ಸರ್ಟಿಫಿಕೇಟ್ ಇರುವ ಎಣ್ಣೆ, ಇಲ್ಲದ ಎಣ್ಣೆ ಒಂದೇ ಟ್ಯಾಂಕಿನಲ್ಲಿ ಬೆರೆಯುತ್ತವೆ. ಎಷ್ಟು ಒಳಗೆ ಹೋಯಿತೋ ಅಷ್ಟನ್ನೇ ಆ ಹೆಸರಲ್ಲಿ ಮಾರಬೇಕು, ಅಷ್ಟೇ. ಕೊನೆಯದು ಕ್ರೆಡಿಟ್. ನಿಮ್ಮ ಎಣ್ಣೆ ಎಲ್ಲಿಂದಲೇ ಬರಲಿ, ಅಷ್ಟೇ ಪ್ರಮಾಣದ ಎಣ್ಣೆ ಬೆಳೆದ ಸರ್ಟಿಫಿಕೇಟ್ ಇರುವ ತೋಟದವರಿಗೆ ನಿಮ್ಮ ದುಡ್ಡು ಹೋಗುತ್ತದೆ.

ನಂಬಬಹುದಾ? ಅರ್ಧ ನಂಬಿ. 2018ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಇಂಡೋನೇಷ್ಯಾದ ಸರ್ಟಿಫಿಕೇಟ್ ಇರುವ ತೋಟಗಳಲ್ಲಿ ಕಾಡು ನಾಶ ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗಿತ್ತು. ಆದರೆ ಬೆಂಕಿ ಮತ್ತು ಪೀಟ್ ನಾಶದಲ್ಲಿ ಅಂಥ ಫಲ ಕಾಣಲಿಲ್ಲ. ಜೊತೆಗೆ ಆ ತೋಟಗಳಲ್ಲಿ ಉಳಿದಿದ್ದ ಕಾಡೇ ಸ್ವಲ್ಪ. ನಿಯಮಗಳನ್ನು ಅದೇ ವರ್ಷ ಬಿಗಿ ಮಾಡಿದರು, ಹೊಸದಾಗಿ ಕಾಡು ಕಡಿಯುವಂತಿಲ್ಲ ಅಂತ. ತೋಟದಲ್ಲಿ ಕೂತು ಕಾಗದ ಪರಿಶೀಲಿಸುವಾಗ ನನಗೆ ಕಾಣುವುದು ಇದು: ಒಳ್ಳೆಯ ಪರಿಶೀಲಕ ಇದ್ದ ಕಡೆ ಸರ್ಟಿಫಿಕೇಟಿಗೆ ಬೆಲೆ ಇದೆ. ಬರೀ ಫೈಲು ನೋಡಿ ಹೋಗುವವ ಬಂದ ಕಡೆ ಅದು ಕಾಗದ ಮಾತ್ರ. ಹಾಗಿದ್ದರೂ ಏನೂ ಇಲ್ಲದ ಎಣ್ಣೆಗಿಂತ ಬೇರೆಯಾಗಿ ಇಟ್ಟ ದರ್ಜೆಯ ಎಣ್ಣೆ ಖಂಡಿತ ಮೇಲು. ನಿಮಗೆ ಮಾರುವವರನ್ನು ಯಾವ ದರ್ಜೆ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಅದೂ ಒಂದು ಉತ್ತರವೇ.

ಈಗ ನಿಮ್ಮ ಸೋಪಿಗೆ. ನಾನಾದರೆ ಮೊದಲು ತಾಳೆಯ ಪಾಲು ಇಳಿಸಿ ನೋಡುತ್ತೇನೆ. ಮೂರನೇ ಒಂದರಿಂದ ಆರನೇ ಒಂದಕ್ಕೆ. ಸೋಪನ್ನು ಇನ್ನೂ ಕೆಲವು ವಾರ ಜಾಸ್ತಿ ಒಣಗಲು ಬಿಟ್ಟರೆ ಕಳೆದುಕೊಂಡ ಗಟ್ಟಿತನದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಇದಕ್ಕೆ ಹೊಸ ಕಚ್ಚಾವಸ್ತು ಬೇಕಿಲ್ಲ, ಬೇರೆ ಕಾಡಿಗೂ ಹೊರೆಯಿಲ್ಲ.

ಖಾಲಿಯಾದ ಪಾಲಿಗೆ ತೆಂಗಿನೆಣ್ಣೆ ತುಂಬಬೇಡಿ. ಅದು ನೊರೆಗೆ ಒಳ್ಳೆಯದು, ಆದರೆ ಜಾಸ್ತಿಯಾದರೆ ಚರ್ಮ ಒಣಗಿಸುತ್ತದೆ. ತೆಂಗೂ ಉಷ್ಣವಲಯದ ದ್ವೀಪಗಳ ಬೆಳೆ, ಇಳುವರಿ ಕಡಿಮೆ. ಅದನ್ನು ನಿರಪರಾಧಿ ಅಂದುಕೊಳ್ಳಬೇಡಿ. ಕೋಕೋ ಬೆಣ್ಣೆ ಸೋಪನ್ನು ಚೆನ್ನಾಗಿ ಗಟ್ಟಿ ಮಾಡುತ್ತದೆ, ಆದರೆ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ ಕೋಕೋ ತೋಟಗಳೇ ಕಾಡು ನುಂಗಿವೆ. ದನದ ಕೊಬ್ಬು ಗುಣದಲ್ಲಿ ತಾಳೆಗೆ ಬಹಳ ಹತ್ತಿರ, ಮಾಂಸದ ಉಪ ಉತ್ಪನ್ನ. ಅದು ನಿಮಗೂ ಗಿರಾಕಿಗೂ ಒಪ್ಪಿಗೆಯಾದರೆ ಮಾತ್ರ.

ಶಿಯಾ ಬೆಣ್ಣೆ ನನಗೆ ಇಷ್ಟದ ಆಯ್ಕೆ. ಘಾನಾ, ಬುರ್ಕಿನಾ ಫಾಸೊ, ಮಾಲಿಯಂಥ ದೇಶಗಳ ಒಣ ಸೀಮೆಯಲ್ಲಿ ಆ ಮರ ತಾನಾಗಿಯೇ ಬೆಳೆಯುತ್ತದೆ. ರೈತರು ಹೊಲದ ನಡುವೆ ಉಳಿಸಿಕೊಂಡಿರುತ್ತಾರೆ, ಹೆಂಗಸರು ಬೀಜ ಆರಿಸುತ್ತಾರೆ. ಮರ ಕಡಿಯದೆ ಇರಲು ಅದು ಒಂದು ಕಾರಣವಾಗುತ್ತದೆ. ಆದರೆ ಬೀಜ ಬೇಯಿಸಲು ಸೌದೆ ಬಹಳ ಬೇಕು. ಮರ ಫಲ ಕೊಡಲು ಹದಿನೈದು ವರ್ಷವಾದರೂ ಬೇಕು. ಇಡೀ ಪ್ರಪಂಚದ ತಾಳೆಗೆ ಅದು ಬದಲಿಯಾಗಲಾರದು. ನಿಮ್ಮಂಥ ಸಣ್ಣ ಕೆಲಸಕ್ಕೆ, ತಾಳೆಯ ಅರ್ಧ ಪಾಲಿಗೆ, ಆಗಬಹುದು.

ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಎಣ್ಣೆ ಬದಲಿಸಿದರೆ ಕಾಸ್ಟಿಕ್ ಸೋಡಾದ ಲೆಕ್ಕವೂ ಬದಲಾಗುತ್ತದೆ. 100 ಗ್ರಾಂ ತಾಳೆ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 14 ಗ್ರಾಂ ಬೇಕು. ತೆಂಗಿಗೆ 18 ಗ್ರಾಂ ದಾಟುತ್ತದೆ. ಶಿಯಾಗೆ 13 ಗ್ರಾಂಗೂ ಸ್ವಲ್ಪ ಕಡಿಮೆ ಸಾಕು. ಹಳೇ ಅಳತೆಯಲ್ಲೇ ತಾಳೆ ತೆಗೆದು ಶಿಯಾ ಹಾಕಿದರೆ ಸೋಪಿನಲ್ಲಿ ಸೋಡಾ ಉಳಿದು ಚರ್ಮ ಉರಿಸಬಹುದು. ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಿ, ಎಲ್ಲವನ್ನೂ ತೂಕ ಮಾಡಿಯೇ ಹಾಕಿ. ಮನೆಯಲ್ಲಿ ಈಗಾಗಲೇ ಇರುವ ತಾಳೆ ಎಣ್ಣೆಯನ್ನು ಚೆಲ್ಲಬೇಡಿ, ಈ ಪ್ರಯೋಗಗಳಿಗೇ ಬಳಸಿ ಮುಗಿಸಿ.

ಲ್ಯಾಬಿನ ಎಣ್ಣೆ ಅಂದರೆ ಯೀಸ್ಟ್‌ನಂಥ ಸೂಕ್ಷ್ಮಜೀವಿಗಳಿಗೆ ಸಕ್ಕರೆ ತಿನ್ನಿಸಿ ಅವುಗಳ ಮೈಯಲ್ಲಿ ಕೊಬ್ಬು ಕೂಡಿಸುವುದು. ಅಮೆರಿಕದ ಸಿ16 ಬಯೋಸೈನ್ಸಸ್, ನೆದರ್‌ಲ್ಯಾಂಡ್ಸ್‌ನ ನೋಪಾಮ್ ಇಂಗ್ರೀಡಿಯೆಂಟ್ಸ್ ಇದರಲ್ಲಿ ಕೆಲಸ ಮಾಡುತ್ತಿವೆ. ಎಣ್ಣೆಯ ಗುಣ ತಾಳೆಗೆ ಹತ್ತಿರವೇ ಬರುತ್ತದೆ. ತೊಡಕಿರುವುದು ಸಕ್ಕರೆಯಲ್ಲಿ. ಒಂದು ಕಿಲೋ ಎಣ್ಣೆಗೆ ನಾಲ್ಕೈದು ಕಿಲೋ ಸಕ್ಕರೆ ಬೇಕು. ಕಬ್ಬಿನ ಹೊಲದ ಲೆಕ್ಕ ಹಾಕಿದರೆ ಹೆಕ್ಟೇರಿಗೆ ಸಿಗುವ ಎಣ್ಣೆ ತಾಳೆ ತೋಟಕ್ಕಿಂತ ಕಡಿಮೆಯೇ ಆಗುತ್ತದೆ! ಆಹಾರ ಕಾರ್ಖಾನೆಗಳ ಸಿಪ್ಪೆ, ತ್ಯಾಜ್ಯದಿಂದ ಮಾಡಿದರೆ ಮಾತ್ರ ನಿಜವಾದ ಲಾಭ. ಆಸೆ ಇಟ್ಟುಕೊಳ್ಳಿ, ಸುಮ್ನೆ ಕಾಯುತ್ತಾ ಕೂರಬೇಡಿ.

ಲೇಬಲ್ ವಿಷಯ. "ತಾಳೆ ಎಣ್ಣೆ ಇಲ್ಲ" ಅಂತ ಬರೆಯುವ ಮೊದಲು ಕಪಾಟಿನಲ್ಲಿ ಇರುವುದನ್ನೆಲ್ಲ ತೆಗೆದು ನೋಡಿ. ಗಟ್ಟಿ ಮಾಡಲು ಹಾಕುವ ಸ್ಟಿಯರಿಕ್ ಆಸಿಡ್ ಬಹುಪಾಲು ತಾಳೆಯಿಂದ ಅಥವಾ ಪ್ರಾಣಿ ಕೊಬ್ಬಿನಿಂದ ಬರುತ್ತದೆ. ಗ್ಲಿಸರಿನ್ ತಾಳೆಯದ್ದಿರಬಹುದು, ಬೇರೆಯದ್ದೂ ಇರಬಹುದು. ಕರಗಿಸಿ ಅಚ್ಚಿಗೆ ಹೊಯ್ಯುವ ಸೋಪ್ ಬೇಸ್ ತರುತ್ತೀರಾದರೆ ಅದರ ಮೇಲೆ "ಸೋಡಿಯಂ ಪಾಮೇಟ್", "ಸೋಡಿಯಂ ಪಾಮ್ ಕರ್ನಲೇಟ್" ಅಂತ ಇದೆಯಾ ನೋಡಿ. "ಎಲೈಸ್ ಗಿನಿಯೆನ್ಸಿಸ್" ಅಂತ ಇದ್ದರೆ ಅದು ಈ ಮರದ್ದೇ ಸಸ್ಯಶಾಸ್ತ್ರೀಯ ಹೆಸರು. ಇವೆಲ್ಲದಕ್ಕೂ ಮಾರಾಟಗಾರರಿಂದ ಬರಹದಲ್ಲಿ ಉತ್ತರ ಸಿಗುವವರೆಗೆ ಆ ಮಾತು ಹಾಕಬೇಡಿ. ಆರ್‌ಎಸ್‌ಪಿಒ ಚಿಹ್ನೆಯನ್ನೂ ಅವರ ಪರವಾನಗಿ ಇಲ್ಲದೆ ಬಳಸುವಂತಿಲ್ಲ. ಅಲ್ಲಿಯವರೆಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು: ತಾಳೆ ಎಣ್ಣೆ ಇಷ್ಟು ಪಾಲು, ಇಂಥ ದರ್ಜೆಯದು, ಮೊದಲಿಗಿಂತ ಇಷ್ಟು ಕಡಿಮೆ ಮಾಡಿದ್ದೇವೆ ಅಂತ. "ಹಾಗಾದರೆ ಬೇಡ" ಅಂದ ಗಿರಾಕಿಗಳಲ್ಲಿ ಕೆಲವರು ಆಗಲೂ ಬೇಡ ಅನ್ನಬಹುದು. ಉಳಿದವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಕೊಡಲು ನಿಮ್ಮ ಹತ್ತಿರ ಉತ್ತರ ಇರುತ್ತದೆ.